ಕಾರ್ಡಿನ ಮೇಲೆ ಗೂಬೆ ಕೂರಿಸುವ ಮೊದಲು

ನಿನ್ನೆ ರಾತ್ರಿ ಫೋನಿನಲ್ಲೇ ಇದನ್ನೆಲ್ಲ ಹೇಳಬಹುದಿತ್ತು. ಆದರೆ ಅಳು ಗಂಟಲಿಗೆ ಬಂದು ನಿಂತಿರುವಾಗ ಯಾರ ಮಾತೂ ಕಿವಿಗೆ ಇಳಿಯುವುದಿಲ್ಲ. ಅದಕ್ಕೇ ಬೆಳಿಗ್ಗೆ ಕಾಫಿ ಕುಡಿದು, ಕನ್ನಡಕ ಹುಡುಕಿಕೊಂಡು ಬರೆಯಲು ಕೂತಿದ್ದೇನೆ. ನೀನು ಹೇಳಿದ್ದು ಇಷ್ಟು: ದಾವಣಗೆರೆಯ ಆ ಸಗಟು ಕಿರಾಣಿ ಅಂಗಡಿಯಲ್ಲಿ ಸರ್ವರ್ ನೆಟ್‌ವರ್ಕಿಗೆ ಸಿಗುತ್ತಿಲ್ಲ. ಸಿಕ್ಕರೂ ಸ್ವಲ್ಪ ಹೊತ್ತಿಗೆ ಕೈ ಕೊಡುತ್ತದೆ. 7 ಕಂಪ್ಯೂಟರಿನಲ್ಲೂ ಬಿಲ್ಲಿಂಗ್ ನಿಂತಿದೆ. ಮಂಗಳವಾರ 20ನೇ ತಾರೀಖು, ಜಿಎಸ್‌ಟಿ 3ಬಿ ರಿಟರ್ನ್ ಹಾಕಬೇಕು. ಸಾಹುಕಾರರು ನಿನ್ನ ತಲೆಯ ಮೇಲೆ ನಿಂತಿದ್ದಾರೆ. ಕೊನೆಗೆ ಮೂಗು ಒರೆಸಿಕೊಂಡು ನೀನು ಹೇಳಿದೆ, "ಮಾವಾ, ನೆಟ್‌ವರ್ಕ್ ಕಾರ್ಡ್ ಹೋಗಿದೆ. ಹೊಸದು ತರಿಸ್ತೀನಿ."

ಕಾರ್ಡ್ ಹೋಗಿದೆ ಎಂದು ನಿನಗೆ ಹೇಳಿದವರು ಯಾರಮ್ಮ?

30 ವರ್ಷ ಶಿವಮೊಗ್ಗ, ಭದ್ರಾವತಿ, ಸಾಗರದ ಅಂಗಡಿ, ಮಂಡಿ, ರೈಸ್‌ಮಿಲ್ಲುಗಳ ಕಂಪ್ಯೂಟರ್ ನೋಡಿಕೊಂಡು ಸ್ಕೂಟರಿನಲ್ಲಿ ಅಲೆದವನು ನಾನು. "ಕಾರ್ಡ್ ಹೋಗಿದೆ ಬನ್ನಿ" ಎಂದು ಕರೆದ ಕಡೆಗಳಲ್ಲಿ ನಿಜವಾಗಿ ಕಾರ್ಡೇ ಹೋಗಿದ್ದನ್ನು ಎಣಿಸಲು ಎರಡು ಕೈಯ ಬೆರಳು ಸಾಕು. ಅದರಲ್ಲೂ ಮುಕ್ಕಾಲು ಪಾಲು ಸಿಡಿಲಿನ ಕೆಲಸ. ಯೋಚನೆ ಮಾಡಿ ನೋಡು. ಈಗಿನ ಸರ್ವರುಗಳಲ್ಲಿ ಕಾರ್ಡ್ ಎನ್ನುವುದು ಬಹುತೇಕ ಕಾರ್ಡೇ ಅಲ್ಲ, ಮದರ್‌ಬೋರ್ಡಿಗೆ ಬೆಸೆದ ಒಂದು ಚಿಪ್ಪು. ಅದರಲ್ಲಿ ತಿರುಗುವ ಭಾಗವಿಲ್ಲ, ಸವೆಯುವ ಭಾಗವಿಲ್ಲ. ಪೆಟ್ಟಿಗೆಯೊಳಗೆ ತಣ್ಣಗೆ ಕೂತಿರುತ್ತದೆ. ಅದಕ್ಕೆ ಚುಚ್ಚಿದ ಕೇಬಲ್ಲಾದರೋ ಬಾಗಿಲ ಸಂದಿಯಲ್ಲಿ ನುಗ್ಗಿ, ಕಪಾಟಿನ ಹಿಂದೆ ನುಸುಳಿ, ಜನ ತುಳಿದು, ಇಲಿ ಕಡಿದು, ಕಸಗುಡಿಸುವವರ ಪೊರಕೆಗೆ ಸಿಕ್ಕಿ ಬದುಕುತ್ತದೆ. ಇಬ್ಬರಲ್ಲಿ ಯಾರು ಮೊದಲು ಕಾಯಿಲೆ ಬೀಳುತ್ತಾರೆ ನೀನೇ ಹೇಳು.

ಇದನ್ನು ನಾನೂ ದುಡ್ಡು ಕೊಟ್ಟೇ ಕಲಿತಿದ್ದು. ನಮ್ಮ ಕಡೆಯ ಒಂದು ಅಡಿಕೆ ಮಂಡಿ. ದಿನಾ ಬೆಳಿಗ್ಗೆ ಎಲ್ಲ ಸರಿ, ಮಧ್ಯಾಹ್ನ 3 ಗಂಟೆಯಾದರೆ ಸರ್ವರ್ ಮಾಯ. ಮೊದಲ ದಿನ ಡ್ರೈವರ್ ಬದಲಿಸಿದೆ. ಎರಡನೇ ದಿನ ಕಾರ್ಡನ್ನೇ ಬದಲಿಸಿ, ಅದರ ದುಡ್ಡನ್ನೂ ಇಸಿದುಕೊಂಡೆ. ಅಲ್ಲಿದ್ದ ವಯಸ್ಸಾದ ಗುಮಾಸ್ತರು ಖಾತೆ ಪುಸ್ತಕದಿಂದ ತಲೆ ಎತ್ತದೆಯೇ, "ತೂಕ ಶುರುವಾದ್ರೆ ಹೋಗುತ್ತೆ ಸಾರ್" ಅಂದರು. ನಾನು ಒಳಗೊಳಗೇ ನಕ್ಕೆ. ಅಡಿಕೆ ತೂಕಕ್ಕೂ ನೆಟ್‌ವರ್ಕಿಗೂ ಎತ್ತಣಿಂದೆತ್ತ? ಮೂರನೇ ದಿನವೂ ಹೋಯಿತು. ಆಗ ನೆಲದ ಮೇಲೆ ಮಂಡಿಯೂರಿ ಕೇಬಲ್ ಹೋದ ದಾರಿಯನ್ನೇ ಹಿಡಿದು ಹೊರಟೆ. ಅದು ತೂಕದ ಪ್ಲಾಟ್‌ಫಾರಮ್ಮಿನ ಅಡಿಯಲ್ಲಿ ಹಾದುಹೋಗಿತ್ತು. ಮೂಟೆ ಏರಿಸಿದರೆ ತಗಡು ಒಂದು ಎಳೆಯಷ್ಟು ತಗ್ಗಿ ತಂತಿಯನ್ನು ಒತ್ತುತ್ತಿತ್ತು, ಇಳಿಸಿದರೆ ಬಿಡುತ್ತಿತ್ತು. ಹಮಾಲರಿಗೆ ಹೇಳಿ ಮೂಟೆ ಏರಿಸಿ ಇಳಿಸಿ ನೋಡಿದೆ. ಸ್ವಿಚ್ಚಿನ ದೀಪ ತಾಳ ಹಾಕಿದ ಹಾಗೆ ಆರಿ ಹತ್ತಿ ಮಾಡುತ್ತಿತ್ತು. ಕಾರ್ಡಿನ ದುಡ್ಡು ವಾಪಸು ಕೊಟ್ಟೆ. ಗುಮಾಸ್ತರು ಆಗಲೂ ತಲೆ ಎತ್ತಲಿಲ್ಲ.

ಆವತ್ತಿನಿಂದ ನಾನು ಎಲ್ಲಿ ಹೋದರೂ ಸರ್ವರ್ ಮುಟ್ಟುವ ಮೊದಲು ಅಲ್ಲಿ ಕೂತು ಕೆಲಸ ಮಾಡುವವರ ಹತ್ತಿರ ಹೋಗುತ್ತೇನೆ. ಸಾಹುಕಾರರ ಹತ್ತಿರ ಅಲ್ಲ. ಅವರಿಗೆ ಗೊತ್ತಿರುವುದು "ನಡೀತಾ ಇಲ್ಲ" ಅನ್ನುವುದು ಮಾತ್ರ. ಬಿಲ್ ಹಾಕುವ ಹುಡುಗಿಯನ್ನು ಕೇಳು. ಯಾವತ್ತಿನಿಂದ ಹೀಗೆ? ಯಾವ ಹೊತ್ತಿನಲ್ಲಿ? ಎಲ್ಲರಿಗೂ ಒಟ್ಟಿಗೆ ಹೋಗುತ್ತದೋ, ಒಬ್ಬರಿಗೋ? ಅದರ ಹಿಂದಿನ ದಿನ ಅಂಗಡಿಗೆ ಯಾರು ಬಂದಿದ್ದರು? ಬಣ್ಣ ಬಳಿಯುವವರು, ಸಿಸಿಟಿವಿ ಹಾಕುವವರು, ಎಲೆಕ್ಟ್ರಿಷಿಯನ್, ಕಪಾಟು ಸರಿಸಿದ ಬಡಗಿ, ಇವರಲ್ಲಿ ಒಬ್ಬರು ಬಂದೇ ಇರುತ್ತಾರೆ. "ಏನೂ ಬದಲಾಗಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡ, ಇನ್ನೊಂದು ಸಲ ಬೇರೆ ರೀತಿಯಲ್ಲಿ ಕೇಳು.

ಆಮೇಲೆ ಬ್ಯಾಕಪ್. ಇದನ್ನು ನಿನಗೆ ಹೇಳುವಾಗ ನನ್ನ ದನಿ ಗಟ್ಟಿಯಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಟ್ಯಾಲಿ ಡೇಟಾ ಸರ್ವರಿನಲ್ಲಿದೆ, 7 ಜನ ಅದರ ಮೇಲೆ ಬರೆಯುತ್ತಿದ್ದಾರೆ, ಕೊಂಡಿ ಕ್ಷಣಕ್ಷಣಕ್ಕೂ ಕಡಿಯುತ್ತಿದೆ. ಬರೆಯುತ್ತಿರುವಾಗ ಅರ್ಧದಲ್ಲಿ ಕಡಿದರೆ ಡೇಟಾ ಕೆಡುವ ಅಪಾಯ ಯಾವಾಗಲೂ ಇದೆ. ನೆಟ್‌ವರ್ಕ್ ಹೋದರೆ ಒಂದು ದಿನದ ವ್ಯಾಪಾರ ಹೋಗುತ್ತದೆ, ಲೆಕ್ಕ ಹೋದರೆ ವರ್ಷವೇ ಹೋಗುತ್ತದೆ. ಎಲ್ಲರಿಗೂ ಮುಚ್ಚಲು ಹೇಳಿ, ಸರ್ವರಿಗೇ ಒಂದು ಯುಎಸ್‌ಬಿ ಡಿಸ್ಕ್ ಹಾಕಿ, ಡೇಟಾ ಫೋಲ್ಡರ್ ಪೂರ್ತಿ ನಕಲು ಮಾಡಿ ಚೀಲದಲ್ಲಿ ಇಟ್ಟುಕೋ. ಅದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲವಲ್ಲ. ತುರ್ತು ಬಂದರೆ ಆ ನಕಲನ್ನು ಒಂದು ಕಂಪ್ಯೂಟರಿಗೆ ಹಾಕಿ ಅಲ್ಲಿಂದ ಬಿಲ್ ಹಾಕಿಸಬಹುದು. ಆದರೆ ಒಂದೇ ಕಂಪ್ಯೂಟರಿಗೆ! ಎರಡು ಕಡೆ ಬಿಲ್ ಹುಟ್ಟಿದರೆ ಆಮೇಲೆ ಕೂಡಿಸುವ ಹೊತ್ತಿಗೆ ನಿನ್ನ ಕೂದಲು ನನ್ನ ಕೂದಲಿನ ಬಣ್ಣಕ್ಕೆ ಬಂದಿರುತ್ತದೆ. ಹೀಗೆ ಮಾಡಿದರೆ 3ಬಿಗೆ ಬೇಕಾದ ಅಂಕಿ ಕೈಯಲ್ಲಿರುತ್ತದೆ. ರಿಟರ್ನನ್ನು ಯಾವ ಕಂಪ್ಯೂಟರಿನಿಂದ ಬೇಕಾದರೂ ಹಾಕಬಹುದು. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ಲನ್ನೂ ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡು ತೆಗೆಯಬಹುದು. ಇಷ್ಟನ್ನು ಸಾಹುಕಾರರಿಗೆ ಮೊದಲೇ ಹೇಳಿಬಿಡು. ಲಾರಿ ನಿಲ್ಲುವುದಿಲ್ಲ ಎಂದು ಗೊತ್ತಾದರೆ ಅವರು ನಿನ್ನ ತಲೆಯ ಮೇಲಿಂದ ಇಳಿಯುತ್ತಾರೆ. ಆಗ ನಿನಗೂ ತಲೆ ಓಡುತ್ತದೆ.

ಈಗ ಸರ್ವರಿನ ಹಿಂಭಾಗಕ್ಕೆ ಬಾ. ಮಾನಿಟರ್ ನೋಡಬೇಡ, ಮೊದಲು ದೀಪ ನೋಡು. ಕೇಬಲ್ ಚುಚ್ಚುವ ತೂತಿನ ಅಕ್ಕಪಕ್ಕ ಸಾಸಿವೆ ಕಾಳಿನಷ್ಟು ಎರಡು ದೀಪ ಇರುತ್ತವೆ. ಸಾಮಾನ್ಯವಾಗಿ ಒಂದು ಕೊಂಡಿ ಕೂಡಿದೆ ಎನ್ನುತ್ತದೆ, ಇನ್ನೊಂದು ಮಾತುಕತೆ ನಡೆದಾಗ ಮಿಣುಕುತ್ತದೆ. ಯಾವ ಬಣ್ಣಕ್ಕೆ ಏನರ್ಥ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಹಸಿರು ಎಂದರೆ ಒಳ್ಳೆಯದು, ಕಿತ್ತಳೆ ಎಂದರೆ ಕೆಟ್ಟದ್ದು ಎಂದು ಟ್ರಾಫಿಕ್ ಸಿಗ್ನಲ್ಲಿನ ಹಾಗೆ ಓದಬೇಡ. ಆ ಮಾದರಿಯ ಕೈಪಿಡಿ ತೆಗೆದು ಖಾತ್ರಿ ಮಾಡಿಕೋ.

ದೀಪವೇ ಇಲ್ಲವೇ? ಹಾಗಾದರೆ ಅದಲುಬದಲು ಆಟ ಆಡು. ಸರಿಯಾಗಿ ಕೆಲಸ ಮಾಡುತ್ತಿರುವ ಬಿಲ್ಲಿಂಗ್ ಕಂಪ್ಯೂಟರಿನ ಕೇಬಲ್ ಕಿತ್ತು ತಂದು ಸರ್ವರಿಗೆ ಚುಚ್ಚು. ಎಟುಕದಿದ್ದರೆ ಒಂದು ಹೊಸ, ಕಂಪನಿಯಲ್ಲೇ ತುದಿ ಹಾಕಿ ಬಂದ ಕೇಬಲ್ ಯಾವಾಗಲೂ ಚೀಲದಲ್ಲಿರಲಿ. ದೀಪ ಹತ್ತಿತೋ, ಕಾರ್ಡ್ ನಿರಪರಾಧಿ. ಹತ್ತಲಿಲ್ಲವೋ, ಅದೇ ಕೇಬಲ್ಲಿನ ಇನ್ನೊಂದು ತುದಿಯನ್ನು ಸ್ವಿಚ್ಚಿನ ಬೇರೆ ತೂತಿಗೆ ಹಾಕು. ಒಂದು ಸಲಕ್ಕೆ ಒಂದನ್ನೇ ಬದಲಿಸು ಕಣಮ್ಮ. ಕೇಬಲ್, ಪೋರ್ಟ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿ "ಸರಿಯಾಯ್ತು" ಎಂದು ಮನೆಗೆ ಹೋದವರು ಯಾವುದರಿಂದ ಸರಿಯಾಯಿತು ಎಂದು ಹೇಳಲಾರರು. ಅಂಥ ರಿಪೇರಿ ಮತ್ತೆ ಕೆಡುವುದು ಸಾಮಾನ್ಯವಾಗಿ ಹಬ್ಬದ ದಿನ.

ಸರ್ವರಿನ ಹಿಂದೆ ಒಂದೇ ತೂತು ಇರುವುದಿಲ್ಲ, ಎರಡೋ ನಾಲ್ಕೋ ಇರುತ್ತವೆ. ಅದರಲ್ಲಿ ಒಂದು ದೂರದಿಂದ ಸರ್ವರಿನ ಆರೋಗ್ಯ ನೋಡಿಕೊಳ್ಳಲು ಇರುವ ಬೇರೆಯದೇ ತೂತು. ಡೆಲ್‌ನವರು ಅದನ್ನು ಐಡ್ರ್ಯಾಕ್ ಅನ್ನುತ್ತಾರೆ, ಎಚ್‌ಪಿಯವರು ಐಲೋ. ನೋಡಲು ಥೇಟ್ ಅಣ್ಣತಮ್ಮಂದಿರು. ಯಾರೋ ಸರ್ವರ್ ಸರಿಸಿ, ಕೇಬಲ್ಲನ್ನು ಮತ್ತೆ ಚುಚ್ಚುವಾಗ ಅದಕ್ಕೆ ಚುಚ್ಚಿದರೆ ದೀಪ ಚೆನ್ನಾಗಿಯೇ ಉರಿಯುತ್ತದೆ, ಸರ್ವರ್ ಮಾತ್ರ ಯಾರಿಗೂ ಕಾಣುವುದಿಲ್ಲ. ಇದಕ್ಕೆ ನಾನು ಒಮ್ಮೆ ಅರ್ಧ ದಿನ ಕೊಟ್ಟಿದ್ದೇನೆ. ಯಾರಿಗೂ ಹೇಳಬೇಡ.

ಕೇಬಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೆಟ್ಟ ಕೇಬಲ್ ಪೂರ್ತಿ ಸಾಯುವುದಿಲ್ಲ, ಅರ್ಧ ಬದುಕಿ ಕಾಡುತ್ತದೆ. ಒಳಗೆ 8 ತಂತಿ, 4 ಜೋಡಿ. ಹಳೆಯ 100 ಮೆಗಾಬಿಟ್ ವೇಗಕ್ಕೆ 1, 2, 3, 6ನೇ ತಂತಿಗಳು ಮಾತ್ರ ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. ಈಗ 7ನೇದೋ 8ನೇದೋ ಒಳಗೆ ತುಂಡಾಗಿದೆ ಅಂದುಕೋ. ದೀಪ ಹತ್ತಬಹುದು, ಪಿಂಗ್ ಬರಬಹುದು, ಆದರೆ ಗಿಗಾಬಿಟ್ಟಿನಲ್ಲಿ ಕೂಡಲು ಹೋಗಿ ಸೋತು 100ಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಏರುವುದು ಬೀಳುವುದು ಮಾಡುತ್ತಲೇ ಇರುತ್ತದೆ. ನೋಡುವವರಿಗೆ ಕಾರ್ಡಿಗೆ ಹುಚ್ಚು ಹಿಡಿದ ಹಾಗೆ ಕಾಣುತ್ತದೆ.

ತುದಿಗೆ ಜ್ಯಾಕ್ ಒತ್ತುವಾಗ ಬಣ್ಣದ ಸಾಲು ಮಗ್ಗಿಯಂತೆ ಬಾಯಿಗೆ ಬರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಏಕೆ ನುಗ್ಗಿದೆ ಎಂದು ಕೇಳಬೇಡ, 3ಕ್ಕೆ 6 ಜೋಡಿ, 4ಕ್ಕೆ 5 ಜೋಡಿ, ಅಷ್ಟೇ. ಅಂದವಾಗಿ ಕಾಣಲಿ ಎಂದು ಬಣ್ಣಬಣ್ಣ ಪಕ್ಕಪಕ್ಕ ಜೋಡಿಸಿ ಎರಡೂ ತುದಿಯಲ್ಲಿ ಹಾಗೇ ಒತ್ತಿದರೆ ನಿನ್ನ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಕ್ರಮವಾಗಿ ಹತ್ತುತ್ತವೆ. ತಂತಿ ತುದಿಯಿಂದ ತುದಿಗೆ ಇದೆಯಲ್ಲ! ಆದರೆ ಒಟ್ಟಿಗೆ ಹೆಣೆದುಕೊಂಡ ಜೋಡಿಯಲ್ಲಿ ಒಂದೇ ಸಂಕೇತ ಹೋದರೆ ಮಾತ್ರ ಗದ್ದಲ ಕಳೆಯುತ್ತದೆ. ಜೋಡಿ ಒಡೆದರೆ ವೇಗ ಹೆಚ್ಚಿದಂತೆ ಒಂದರ ಮಾತು ಇನ್ನೊಂದಕ್ಕೆ ಸೇರಿ ಎಲ್ಲ ಕಲಸುಮೇಲೋಗರ. ಟೆಸ್ಟರ್ ಸರಿ ಅಂದಿತು, ಆದ್ದರಿಂದ ಕಾರ್ಡ್ ಹೋಗಿದೆ ಎಂದು ತೀರ್ಮಾನಿಸುವವರು ಜಾರಿ ಬೀಳುವುದು ಇಲ್ಲೇ.

ಇನ್ನೊಂದು ಮೋಸ, ತಾಮ್ರದ ಹೆಸರಲ್ಲಿ ಮಾರುವ ಅಲ್ಯೂಮಿನಿಯಂ. ಮೇಲೆ ತಾಮ್ರದ ತೆಳುಲೇಪ, ಒಳಗೆಲ್ಲ ಅಲ್ಯೂಮಿನಿಯಂ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡು, ಬೆಳ್ಳಗೆ ಮಿಂಚಿದರೆ ಅಂಗಡಿಯವನಿಗೇ ವಾಪಸು ಕೊಡು. ಎರಡು ಸಲ ಬಗ್ಗಿಸಿದರೆ ಮುರಿಯುವ ತಂತಿಯನ್ನು ಗೋಡೆಯೊಳಗೆ ಹೂಳಬಾರದು. ಉದ್ದ 100 ಮೀಟರ್ ದಾಟಕೂಡದು ಎನ್ನುವುದು ನಿನಗೆ ಗೊತ್ತೇ ಇದೆ. ಜ್ಯಾಕಿನ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಅದನ್ನು ಟೇಪು ಸುತ್ತಿ ಸುಧಾರಿಸಬೇಡ, ಕತ್ತರಿಸಿ ಹೊಸದು ಒತ್ತು.

ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೆ, ಉಸಿರು ಬಿಡದೆ ಪಟಪಟ ಮಿಣುಕುತ್ತಿವೆಯಾ? ಹಾಗಿದ್ದರೆ ಯಾರೋ ಪುಣ್ಯಾತ್ಮರು ನೆಲದ ಮೇಲೆ ಬಿದ್ದಿದ್ದ ಕೇಬಲ್ ತುದಿಯನ್ನು "ಪಾಪ, ಕಳಚಿಕೊಂಡಿದೆ" ಎಂದು ಅದೇ ಸ್ವಿಚ್ಚಿಗೆ ಚುಚ್ಚಿರುತ್ತಾರೆ. ಎರಡೂ ತುದಿ ಒಂದೇ ಸ್ವಿಚ್ಚಿನಲ್ಲಿದ್ದರೆ ಕೂಗಿದ್ದೇ ಕೂಗಿಕೊಂಡು ಸುತ್ತುತ್ತದೆ, ಸಾದಾ ಸ್ವಿಚ್ಚಿಗೆ ಅದನ್ನು ತಡೆಯುವ ಬುದ್ಧಿ ಇಲ್ಲ. ಒಂದೊಂದೇ ಕೇಬಲ್ ಕೀಳುತ್ತಾ ಹೋಗು. ಯಾವುದನ್ನು ಕಿತ್ತಾಗ ಶಾಂತವಾಯಿತೋ ಅದೇ ಕಳ್ಳ.

ದೀಪ, ಕೇಬಲ್, ಸ್ವಿಚ್ ಎಲ್ಲ ಪಾಸಾದ ಮೇಲೆ ಮಾನಿಟರ್ ಮುಂದೆ ಕೂರು. ಅಂಗಡಿಯಲ್ಲೇ ಕೂರು. ಮನೆಯಿಂದ ರಿಮೋಟಿನಲ್ಲಿ ಒಳಗೆ ಹೋಗಿ ಕಾರ್ಡನ್ನು ಡಿಸೇಬಲ್ ಮಾಡಿದೆಯೋ, ಕೂತ ಕೊಂಬೆಯನ್ನೇ ಕಡಿದ ಹಾಗೆ. ಮತ್ತೆ ಎನೇಬಲ್ ಮಾಡಲು ಬಸ್ಸು ಹತ್ತಬೇಕು.

ಎಲ್ಲರೂ ಮೊದಲು ಮಾಡುವುದು 127.0.0.1ಕ್ಕೆ ಪಿಂಗ್. ಉತ್ತರ ಬಂತು, "ಕಾರ್ಡ್ ಸರಿ ಇದೆ" ಅನ್ನುತ್ತಾರೆ. ಆ ಪಿಂಗು ಕಾರ್ಡಿನ ಹೊಸ್ತಿಲನ್ನೂ ದಾಟುವುದಿಲ್ಲ ಕಣಮ್ಮ, ವಿಂಡೋಸಿನ ಒಳಗೇ ಒಂದು ಸುತ್ತು ಹಾಕಿ ಬರುತ್ತದೆ. ಕಾರ್ಡನ್ನೇ ಕಿತ್ತಿಟ್ಟರೂ ಉತ್ತರ ಬರುತ್ತದೆ. ಸರ್ವರಿನ ಸ್ವಂತ ವಿಳಾಸಕ್ಕೆ ಪಿಂಗ್ ಮಾಡಿದರೂ ತಂತಿಯ ಮೇಲೆ ಏನೂ ಹೋಗುವುದಿಲ್ಲ. ಪಕ್ಕದ ಕಂಪ್ಯೂಟರಿಗೆ ಮಾಡು, ಅದನ್ನು ಒಂದು ಹತ್ತು ನಿಮಿಷ ಹಾಗೇ ಓಡಲು ಬಿಟ್ಟು ಎಷ್ಟು ಬಿದ್ದುಹೋಯಿತು ಎಂದು ಎಣಿಸು. ಆ ಕಂಪ್ಯೂಟರಿನ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡುತ್ತದೆ ಎನ್ನುವುದನ್ನು ಮೊದಲು ಖಚಿತ ಮಾಡಿಕೋ, ಇಲ್ಲದಿದ್ದರೆ ಸುಮ್ಮನಿದ್ದವರನ್ನು ಸತ್ತರು ಎಂದುಕೊಳ್ಳುತ್ತೀಯ.

ವಿಳಾಸ ನೋಡು. 169.254 ಎಂದು ಶುರುವಾಗಿದ್ದರೆ, ವಿಳಾಸ ಹಂಚುವವರು ಯಾರೂ ಸಿಗಲಿಲ್ಲ ಎಂದು ವಿಂಡೋಸ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಸರ್ವರಿಗೆ ಇದು ಬರಲೇಬಾರದು, ಅದಕ್ಕೆ ಸ್ಥಿರ ವಿಳಾಸ ಇರಬೇಕು. ಸ್ಥಿರವಾಗಿಯೇ ಕೊಟ್ಟಿದ್ದರೂ ಹೀಗೆ ತೋರಿಸಿದರೆ ಅದೇ ವಿಳಾಸ ಇನ್ನೊಬ್ಬರ ಹತ್ತಿರವೂ ಇದೆಯೇನೋ ಹುಡುಕು. ನಾನು ಬಹಳ ಸಲ ನೋಡಿದ್ದು ಹೀಗೆ: ಸಾಹುಕಾರರ ಮಗ ವೈ-ಫೈ ಚೆನ್ನಾಗಿ ಬರಲಿ ಎಂದು ಒಂದು ಪೆಟ್ಟಿಗೆ ತಂದು ಸ್ವಿಚ್ಚಿಗೆ ಸಿಕ್ಕಿಸಿರುತ್ತಾನೆ. ಅದು ಬಂದ ದಿನದಿಂದಲೇ ತಾನೇ ಯಜಮಾನನೆಂದು ಎಲ್ಲರಿಗೂ ವಿಳಾಸ ಹಂಚಲು ಶುರುಮಾಡುತ್ತದೆ. ಬೆಳಿಗ್ಗೆ ಯಾವ ಕಂಪ್ಯೂಟರಿಗೆ ಯಾರು ಮೊದಲು ಉತ್ತರ ಕೊಟ್ಟರೋ ಅದು ಆ ಕಡೆಗೆ. ಹಾಗಾಗಿ ಇವತ್ತು ಇಬ್ಬರಿಗೆ ಸರ್ವರ್ ಸಿಗುತ್ತದೆ, ನಾಳೆ ಬೇರೆ ನಾಲ್ವರಿಗೆ.

ಕಾರ್ಡ್ ಬದಲಿಸಿದ ಅಥವಾ ಸ್ಲಾಟ್ ಬದಲಿಸಿದ ಸರ್ವರಾದರೆ ದೆವ್ವದ ಕಾಟವೂ ಇರಬಹುದು. ತಮಾಷೆಯಲ್ಲ. ಹಳೆಯ ಕಾರ್ಡ್ ಕಿತ್ತರೂ ವಿಂಡೋಸ್ ಅದರ ನೆನಪನ್ನು, ಅದಕ್ಕೆ ಕೊಟ್ಟಿದ್ದ ಸ್ಥಿರ ವಿಳಾಸದ ಸಮೇತ, ಇಟ್ಟುಕೊಂಡಿರುತ್ತದೆ. ಹೊಸದಕ್ಕೆ ಅದೇ ವಿಳಾಸ ಕೊಡಲು ಹೋದರೆ ಕಾಣದ ಇನ್ನೊಂದು ಅಡಾಪ್ಟರಿನ ಹತ್ತಿರ ಅದು ಆಗಲೇ ಇದೆ ಎಂದು ತಗಾದೆ ತೆಗೆಯುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಮರೆಯಲ್ಲಿರುವ ಸಾಧನಗಳನ್ನೂ ತೋರಿಸು ಎಂದು ಒತ್ತಿದರೆ ಮಸುಕಾಗಿ ಕಾಣುತ್ತವೆ. ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡು. ಲಿನಕ್ಸ್ ಸರ್ವರಾದರೆ ಸ್ಲಾಟ್ ಬದಲಾದಾಗ ಕಾರ್ಡಿನ ಹೆಸರೇ ಬದಲಾಗಬಹುದು. ಕಾನ್ಫಿಗ್ ಫೈಲು ಹಳೆಯ ಹೆಸರು ಕೂಗುತ್ತಿರುತ್ತದೆ, ಓಗೊಡಲು ಅಲ್ಲಿ ಯಾರೂ ಇರುವುದಿಲ್ಲ.

ಎರಡು ಕಾರ್ಡ್ ಇಟ್ಟುಕೊಳ್ಳುವುದು ಹಳೆಯ ಅಭ್ಯಾಸ. ಮೈಕ್ರೋಸಾಫ್ಟಿನ ಸ್ಮಾಲ್ ಬಿಸಿನೆಸ್ ಸರ್ವರ್ 2003ರ ಕಾಲದಲ್ಲಿ ಒಂದು ಕಾರ್ಡ್ ಇಂಟರ್ನೆಟ್ಟಿಗೆ, ಇನ್ನೊಂದು ಅಂಗಡಿಯೊಳಗಿನ ಜಾಲಕ್ಕೆ ಎಂದು ಹಾಕುತ್ತಿದ್ದೆವು. 2008ರ ಆವೃತ್ತಿಗೆ ಬರುವಷ್ಟರಲ್ಲಿ ಒಂದೇ ಸಾಕು ಎಂದುಬಿಟ್ಟರು. ಈಗಲೂ ಎರಡು ಬೇಕೇಬೇಕು ಅನ್ನುವ ಜಾಗದಲ್ಲಿ ಗೇಟ್‌ವೇ ಮಾತ್ರ ಒಂದಕ್ಕೇ ಕೊಡು. ಎರಡಕ್ಕೂ ಕೊಟ್ಟರೆ ಯಾವ ಬಾಗಿಲಿಂದ ಹೋಗಬೇಕೆಂದು ತಿಳಿಯದೆ ಸರ್ವರ್ ಒದ್ದಾಡುತ್ತದೆ. ಆ ಸರ್ವರೇ ಡೊಮೇನ್ ಕಂಟ್ರೋಲರ್ ಆಗಿದ್ದರೆ ಅದರ ಡಿಎನ್‌ಎಸ್ ಜಾಗದಲ್ಲಿ ಅದರದ್ದೇ ವಿಳಾಸ ಇರಲಿ. ಇಂಟರ್ನೆಟ್ ಬೇಗ ಬರಲಿ ಎಂದು ಯಾರೋ ಅಲ್ಲಿ 8.8.8.8 ಬರೆದಿಟ್ಟಿರುತ್ತಾರೆ. ನಿನ್ನ ಅಂಗಡಿಯ ಕಂಪ್ಯೂಟರುಗಳ ಹೆಸರು ಅದಕ್ಕೆ ಹೇಗಮ್ಮ ಗೊತ್ತಿರಬೇಕು?

ಡೊಮೇನ್ ಕಂಟ್ರೋಲರಿನದೇ ಇನ್ನೊಂದು ಚಾಳಿ. ಕರೆಂಟು ಹೋಗಿ ಬಂದು ರೀಸ್ಟಾರ್ಟ್ ಆದಾಗ ತನ್ನ ಮನೆಯಲ್ಲೇ ಕೂತು, ಇದು ಯಾವುದೋ ಗೊತ್ತಿಲ್ಲದ ಜಾಗ ಎಂದು ನೆಟ್‌ವರ್ಕನ್ನು 'ಪಬ್ಲಿಕ್' ಎಂದು ಗುರುತು ಮಾಡಿಕೊಳ್ಳುತ್ತದೆ. ತಕ್ಷಣ ಫೈರ್‌ವಾಲ್ ಬಾಗಿಲು ಹಾಕುತ್ತದೆ. ದೀಪ ಉರಿಯುತ್ತಿದೆ, ವಿಳಾಸ ಸರಿ ಇದೆ, ಸರ್ವರಿನಿಂದ ಹೊರಗೆ ಹೋಗಬಹುದು, ಆದರೆ ಹೊರಗಿನವರು ಒಳಗೆ ಬರಲಾರರು. ಅಲ್ಲೇ ಕೂತು ಅಡಾಪ್ಟರನ್ನು ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಸಾಮಾನ್ಯವಾಗಿ ಬುದ್ಧಿ ಬರುತ್ತದೆ. ಸಿಟ್ಟಿನಲ್ಲಿ ಫೈರ್‌ವಾಲನ್ನೇ ಆಫ್ ಮಾಡಿ ಬರಬೇಡ.

ಸಿಗುತ್ತದೆ, ಆದರೆ ಆಮೆಯಂತೆ ಎನ್ನುವ ದೂರಿಗೆ ಬಾಯಿಮಾತು ಸಾಲದು, ಅಳೆಯಬೇಕು. 1 ಜಿಬಿಯ ಒಂದು ಫೈಲನ್ನು ಸರ್ವರಿನಿಂದ ನಕಲು ಮಾಡು. ಸೆಕೆಂಡಿಗೆ 100, 110 ಎಂಬಿ ಬಂದರೆ ಗಿಗಾಬಿಟ್ ಕೊಂಡಿ ಗಟ್ಟಿಯಾಗಿದೆ, ತೊಂದರೆ ಬೇರೆ ಕಡೆ. 11, 12ರಲ್ಲಿ ನಿಂತುಬಿಟ್ಟರೆ 100 ಮೆಗಾಬಿಟ್ಟಿಗೆ ಇಳಿದಿದೆ. ಕೇಬಲ್ಲಿನ ಎಂಟು ತಂತಿ ನೆನಪು ಮಾಡಿಕೋ. ಅದಕ್ಕಿಂತಲೂ ಕೆಳಗೆ, ಒಂದು, ಅರ್ಧ ಎಂದು ತೆವಳುತ್ತಿದ್ದರೆ ಕಾರ್ಡಿನ ಸ್ಪೀಡ್ ಮತ್ತು ಡ್ಯೂಪ್ಲೆಕ್ಸ್ ಸೆಟ್ಟಿಂಗ್ ತೆರೆದು ನೋಡು. ಯಾರೋ ಅತಿಬುದ್ಧಿವಂತರು ಸರ್ವರಿನಲ್ಲಿ '100, ಫುಲ್' ಎಂದು ಕೈಯಾರೆ ಕಟ್ಟಿಹಾಕಿರುತ್ತಾರೆ, ಸ್ವಿಚ್ ಆಟೋದಲ್ಲೇ ಇರುತ್ತದೆ. ಮಾತುಕತೆಗೆ ಉತ್ತರ ಸಿಗದ ಸ್ವಿಚ್ಚು ನಿಯಮದ ಪ್ರಕಾರ ಹಾಫ್ ಎಂದುಕೊಳ್ಳುತ್ತದೆ. ಒಂದು ಕಡೆಯವರು ಮಾತಾಡುತ್ತಲೇ ಕೇಳುವವರು, ಇನ್ನೊಂದು ಕಡೆಯವರು ಸರದಿಗೆ ಕಾಯುವವರು. ಪಿಂಗಿನಂಥ ಪುಟ್ಟ ಮಾತು ದಾಟುತ್ತದೆ, ದೊಡ್ಡ ಫೈಲು ಬಂದ ಕೂಡಲೇ ಡಿಕ್ಕಿ. ಎರಡೂ ಕಡೆ ಆಟೋ ಇರಲಿ.

ಸುಮ್ಮನಿದ್ದು ಸುಮ್ಮನಿದ್ದು ಕಡಿಯುತ್ತದೆ ಎಂದರೆ ವಿದ್ಯುತ್ ಉಳಿತಾಯದ ಗುರುತನ್ನು ತೆಗೆ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿದೆ. ಲ್ಯಾಪ್‌ಟಾಪಿಗೆ ಅದು ಒಳ್ಳೆಯದು, ಸರ್ವರಿಗೆ ಯಾಕೆ ನಿದ್ದೆ? ಕಾರ್ಡೇ ಲೆಕ್ಕ ಮಾಡಿಕೊಳ್ಳುವ 'ಆಫ್‌ಲೋಡ್' ಎಂಬ ಆಯ್ಕೆಗಳ ಸಾಲು ಇದೆಯಲ್ಲ, ಅದರ ಮೇಲೆ ಕೈಯಿಡುವುದು ಕೊನೆಗೆ. ಇಟ್ಟರೂ ಒಂದೊಂದೇ, ಬರೆದುಕೊಂಡು. ಅದಕ್ಕೂ ಮೊದಲು ಈವೆಂಟ್ ವ್ಯೂವರ್ ತೆರೆದು ಕೊಂಡಿ ಕಡಿದ ಹೊತ್ತುಗಳನ್ನು ಒಂದು ಹಾಳೆಯ ಮೇಲೆ ಬರೆ. ಆ ಹಾಳೆಯನ್ನು ಬಿಲ್ ಹಾಕುವ ಹುಡುಗಿಗೆ ತೋರಿಸಿ, ಈ ಹೊತ್ತಿನಲ್ಲಿ ಅಂಗಡಿಯಲ್ಲಿ ಏನು ನಡೆಯುತ್ತಿತ್ತು ಎಂದು ಕೇಳು. ನನಗೆ ಯಾವ ಸಾಫ್ಟ್‌ವೇರಿಗಿಂತಲೂ ಹೆಚ್ಚು ಕಳ್ಳರನ್ನು ಹಿಡಿದುಕೊಟ್ಟಿದ್ದು ಈ ಹಾಳೆ.

ಇಷ್ಟೆಲ್ಲ ಆದಮೇಲೂ ಕಾರ್ಡ್ ಸತ್ತೇ ಹೋಗಿರಬಹುದು, ಇಲ್ಲ ಅನ್ನುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮರುದಿನ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಯುಪಿಎಸ್ ಇದೆಯಲ್ಲ ಸಾರ್, ಅನ್ನುತ್ತಿದ್ದರು. ಯುಪಿಎಸ್ ಕಾಯುವುದು ಕರೆಂಟಿನ ಬಾಗಿಲನ್ನು. ಅಂಗಡಿಯಿಂದ ಅಂಗಳ ದಾಟಿ ಗೋದಾಮಿಗೆ ಎಳೆದ ನೆಟ್‌ವರ್ಕ್ ಕೇಬಲ್ ಎಂಬ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಸಿಡಿಲು ಎಲ್ಲೋ ಹತ್ತಿರ ಬಡಿದರೂ ಸಾಕು, ಆ ತಾಮ್ರದಲ್ಲಿ ನುಗ್ಗಿ ಸ್ವಿಚ್ಚನ್ನೂ ಅದಕ್ಕೆ ಕೂಡಿದ ಕಾರ್ಡುಗಳನ್ನೂ ಒಟ್ಟಿಗೆ ನುಂಗುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿಸು ಎಂದು ನಾನು ಹಟ ಹಿಡಿಯುವುದು ವೇಗಕ್ಕಲ್ಲ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಅದಕ್ಕೆ.

ಸತ್ತಿದೆ ಎಂದು ಸಾರುವ ಮೊದಲು ಇನ್ನೊಂದು ಕೆಲಸ. ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಪವರ್ ವಯರನ್ನೇ ಕಿತ್ತು, ಎರಡಿದ್ದರೆ ಎರಡನ್ನೂ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿ. ಆಫ್ ಮಾಡಿದ ಸರ್ವರಿನಲ್ಲೂ ಕಾರ್ಡಿಗೆ ಸಣ್ಣ ಕರೆಂಟು ಹರಿಯುತ್ತಲೇ ಇರುತ್ತದೆ, ದೂರದಿಂದ ಎಬ್ಬಿಸಲು ಬೇಕಲ್ಲ. ಹಾಗಾಗಿ ತಲೆ ಕೆಟ್ಟು ಕೂತ ಚಿಪ್ಪು ರೀಸ್ಟಾರ್ಟಿಗೆ ಬಗ್ಗುವುದಿಲ್ಲ, ಪೂರ್ತಿ ಉಪವಾಸ ಕೆಡವಿದರೆ ಕೆಲವು ಸಲ ಎದ್ದು ಬರುತ್ತದೆ. ಬಯೋಸಿನಲ್ಲೂ ಇಣುಕು. ಪುಟ್ಟ ಬ್ಯಾಟರಿ ಮುಗಿದು ಸೆಟ್ಟಿಂಗ್ ಅದಲುಬದಲಾಗಿ ಕಾರ್ಡೇ ಆಫ್ ಆಗಿರಬಹುದು. ಅಲ್ಲೂ ಕಾಣದೆ, ಡಿವೈಸ್ ಮ್ಯಾನೇಜರಿನಲ್ಲೂ ಹೆಸರಿಲ್ಲದೆ ಹೋದರೆ ಆಗ ನಂಬುತ್ತೇನೆ.

ಆಗಲೂ ಹೊಸದಕ್ಕೆ ಓಡಬೇಡ. ಪಕ್ಕದ ಎರಡನೇ ತೂತು ಸುಮ್ಮನೆ ಕೂತಿದೆಯಲ್ಲ, ವಿಳಾಸವನ್ನು ಅದಕ್ಕೆ ವರ್ಗಾಯಿಸಿ ಕೇಬಲ್ ಚುಚ್ಚು. ಎರಡೂ ಹೋಗಿದ್ದರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಎರಡು ದಿನ ದೂಡುತ್ತದೆ. ಹೊಸ ಕಾರ್ಡ್ ತರುವಾಗ ಸರ್ವರಿನ ಪೆಟ್ಟಿಗೆ ತೆಳ್ಳಗಿನದೋ ದಪ್ಪಗಿನದೋ ನೋಡಿ, ಗಿಡ್ಡ ಪಟ್ಟಿಯನ್ನೂ ಕೇಳಿ ತಾ. ಡ್ರೈವರನ್ನು ಮನೆಯಲ್ಲೇ ಪೆನ್‌ಡ್ರೈವಿಗೆ ಇಳಿಸಿಕೋ. ನೆಟ್‌ವರ್ಕ್ ಇಲ್ಲದ ಸರ್ವರಿನಲ್ಲಿ ನೆಟ್‌ವರ್ಕ್ ಡ್ರೈವರ್ ಡೌನ್‌ಲೋಡ್ ಮಾಡಲು ಕೂತವರ ಮುಖ ನೋಡಲಾಗುವುದಿಲ್ಲ. ಹಳೆಯ ಕಾರ್ಡಿನ ಮ್ಯಾಕ್ ವಿಳಾಸ, 12 ಅಕ್ಷರ, ಬರೆದಿಟ್ಟುಕೋ. ಕೆಲವು ಸಾಫ್ಟ್‌ವೇರುಗಳ ಲೈಸೆನ್ಸ್ ಅದಕ್ಕೇ ಗಂಟು ಬಿದ್ದಿರುತ್ತದೆ. ಕಾರ್ಡ್ ಬದಲಾದ ಕೂಡಲೇ "ನೀನು ಯಾರು?" ಎನ್ನುತ್ತದೆ. ಕಾರ್ಡ್ ಮುಟ್ಟುವ ಮೊದಲು ಪೆಟ್ಟಿಗೆಯ ಬರಿ ಕಬ್ಬಿಣವನ್ನು ಒಮ್ಮೆ ಮುಟ್ಟು, ನೈಲಾನ್ ಸೀರೆ, ದುಪಟ್ಟಾ ಆವತ್ತು ಬೇಡ.

ಸಾಹುಕಾರರಿಗೆ "ಕಾರ್ಡ್ ಹೋಗಿದೆ" ಎಂದು ನೀನು ಆಗಲೇ ಹೇಳಿಬಿಟ್ಟಿದ್ದೀಯ, ಅದೇ ನನಗೆ ಕೊಂಚ ಚಿಂತೆ. ನಾಳೆ ಕೇಬಲ್ಲಿನ ತುದಿ ಸರಿಮಾಡಿ ಎಲ್ಲ ನಡೆದರೆ, ಮುಖ ಉಳಿಸಿಕೊಳ್ಳಲು ಸುಮ್ಮನೆ ಒಂದು ಕಾರ್ಡ್ ಹಾಕಿ ಬಿಲ್ ಮಾಡೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. "ನಾನು ಅಂದುಕೊಂಡಿದ್ದು ತಪ್ಪು, ಕೇಬಲ್ ಕೆಟ್ಟಿತ್ತು, ಇಷ್ಟೇ ಖರ್ಚು" ಎಂದು ಹೇಳು. ಬೈದರೆ ಬೈಸಿಕೋ. ನಾನು ದುಡ್ಡು ವಾಪಸು ಕೊಟ್ಟ ಆ ಮಂಡಿಯವರು ಆಮೇಲೆ ಅಕ್ಕಪಕ್ಕದ ಆರು ಮಂಡಿಗಳಿಗೆ ನನ್ನ ಹೆಸರು ಹೇಳಿದರು.

ಇವತ್ತು ಭಾನುವಾರ, ಅಂಗಡಿಗೆ ಬೀಗ. ನಾಳೆ 8 ಗಂಟೆಗೆ, ಗಿರಾಕಿಗಳು ಬರುವ ಮೊದಲೇ ಹೋಗು. ನನ್ನ ನೀಲಿ ಹಿಡಿಯ ಕ್ರಿಂಪರ್ ನಿಮ್ಮಮ್ಮನ ಗೋದ್ರೆಜ್ ಬೀರುವಿನ ಕೆಳಗಿನ ಖಾನೆಯಲ್ಲಿದೆ, ಹೋದ ದೀಪಾವಳಿಗೆ ಬಂದಾಗ ಮರೆತು ಬಿಟ್ಟು ಬಂದದ್ದು. ಅದನ್ನು ತಗೋ, ಟಾರ್ಚ್ ತಗೋ. ಸರ್ವರಿನ ಹಿಂದೆ ಬಗ್ಗಿ ನೋಡಿ, ಏನನ್ನೂ ಮುಟ್ಟದೆ, ನನಗೆ ಫೋನ್ ಮಾಡಿ ಎರಡೇ ವಿಷಯ ಹೇಳು. ಎಷ್ಟು ತೂತಿದೆ, ಯಾವುದರಲ್ಲಿ ದೀಪ ಇದೆ. ಆಮೇಲೆ, ಅಂಗಡಿಯ ಮಾಳಿಗೆಯಲ್ಲಿ ಸಿಸಿಟಿವಿ ಹೊಸದಾಗಿ ಹಾಕಿಸಿದ್ದಾರೆ ಅಂತ ಹೋದ ವಾರ ನೀನೇ ಹೇಳಿದ್ದೆಯಲ್ಲ, ಆ ವಯರು ಯಾವ ಕಡೆಯಿಂದ ಇಳಿದು ಬಂದಿದೆ ಅದನ್ನೂ ನೋಡು.